ಒಳಗೊ, ಹೊರಗೊ

ಮೊದಲು ಎದೆಯ ನಡುವೆ ಯಾರೋ ಒಂದು ಕೆಂಡ ಇಟ್ಟ ಹಾಗಾಗುತ್ತದೆ. ಆಮೇಲೆ ಅದು ಊದುಗೊಳವೆಯ ಉಸಿರು ತಾಗಿದಂತೆ ಕೆಂಪೇರುತ್ತ ಕುತ್ತಿಗೆಗೆ ಹತ್ತಿ, ಕಿವಿಯ ಹಿಂದೆ ಸುತ್ತಿ, ತಲೆಗೂದಲಿನ ಬುಡದಲ್ಲೆಲ್ಲ ಬೆವರಾಗಿ ಒಡೆಯುತ್ತದೆ. ಹೆಮ್ಮಾಡಿ ಪೇಟೆಯ ಮೀನಿನ ಕಟ್ಟೆಯ ಮೇಲೆ ಬಂಗುಡೆಯ ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದ ಗಿರಿಜಾ, ಕೆಂಡ ಬಿದ್ದದ್ದು ಗೊತ್ತಾದ ಕೂಡಲೇ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು, ಬರುವುದು ಬಂದುಹೋಗಲಿ ಎಂದು ತಲೆ ತಗ್ಗಿಸಿದಳು. ಮಕರ ತಿಂಗಳ ಬೆಳಗು. ಹೊಳೆಯ ಕಡೆಯಿಂದ ಬೀಸುವ ಚಳಿಗೆ ಕಟ್ಟೆಯ ಉಳಿದ ಹೆಂಗಸರು ತಲೆಗೆ ಬೈರಾಸು ಸುತ್ತಿಕೊಂಡು ಕೂತಿದ್ದರೆ ಅವಳೊಬ್ಬಳ ರವಿಕೆ ಬೆನ್ನಿಗೆ ಅಂಟಿಕೊಂಡಿತ್ತು. ಎದುರಿಗೆ ಬಗ್ಗಿ ಮೀನಿನ ಕಿವಿರು ಎತ್ತಿ ನೋಡುತ್ತಿದ್ದ ಬ್ಯಾಂಕಿನ ಗುಮಾಸ್ತ ಅವಳ ಗಲ್ಲದಿಂದ ಒಂದು ಹನಿ ಬುಟ್ಟಿಯೊಳಗೆ ಬಿದ್ದದ್ದನ್ನು ಕಂಡ. ಕೈಯನ್ನು ಮೆಲ್ಲಗೆ ಹಿಂದೆಳೆದುಕೊಂಡು, ಪ್ಯಾಂಟಿಗೆ ಒರಸಿಕೊಂಡು, ಪಕ್ಕದ ಅಪ್ಪಿಯ ಬುಟ್ಟಿಯ ಮುಂದೆ ಹೋಗಿ ಕೂತ. ಅವನು ಬೈದಿದ್ದರೆ ಆಗುತ್ತಿತ್ತು. ಆ ಒರಸಿಕೊಂಡದ್ದು ಅವಳ ಕಣ್ಣಿನಿಂದ ಹೋಗಲಿಲ್ಲ.

ಅಪ್ಪಿ ಅವನಿಗೆ ಮೀನು ಕಟ್ಟಿಕೊಟ್ಟು ಕಳಿಸಿ, ಎಲೆಯಡಿಕೆ ಬಾಯಿಂದಲೇ ಹೇಳಿದಳು, "ಎಂತದೇ ಹೆಣೆ, ಅಮ್ಮ ಮೈಮೇಲ್ ಬತ್ತ್ಲಾ ನಿಂಗೆ? ಬಪ್ಪುದಾದ್ರೆ ಒಂದ್ ಮಾತ್ ಕೇಂಡ್ ಹೇಳ್. ಎರ್ಡ್ ಸಾವ್ರ ಇಸ್ವಿ ಬಂದ್ರೆ ಲೋಕ ಮುಳ್ಗತ್ ಅಂದಿದ್ರ್. ಮುಳ್ಗಿದ್ದ್ ಬಂಗ್ಡಿ ರೇಟ್ ಒಂದೇ, ಅದ್ ಎಂತಕೆ ಅಂತ."

ಕಟ್ಟೆಯ ಹೆಂಗಸರೆಲ್ಲ ನಕ್ಕರು. ಗಿರಿಜಾಳೂ ನಕ್ಕಳು, ನಗದಿದ್ದರೆ ಇನ್ನೊಂದು ಮಾತು ಬರುತ್ತದೆ. ನಗುವಾಗಲೂ ಒಳಗೆ ಸಿಟ್ಟು ಏರುತ್ತಲೇ ಇತ್ತು. ಸಿಟ್ಟಿಗೂ ಈ ಬೆವರಿಗೂ ಮೈಯಲ್ಲಿ ಒಂದೇ ದಾರಿ ಇದೆಯೆಂದು ಈಚೆಗೆ ಅವಳಿಗೆ ಅನಿಸತೊಡಗಿತ್ತು. ಯಾವುದು ಮೊದಲು ಹೊರಟಿತು, ಯಾವುದು ಯಾವುದನ್ನು ಕೈಹಿಡಿದು ಕರೆತಂದಿತು ಎಂದು ಗೊತ್ತೇ ಆಗುತ್ತಿರಲಿಲ್ಲ. ಮನೆಯಲ್ಲಿ ಗೋಡೆಯ ಗೂಡಿನಲ್ಲಿ ಕುಂಕುಮದ ಕರಡಿಗೆಯ ಹಿಂದೆ ಡಾಕ್ಟ್ರಮ್ಮ ಕೊಟ್ಟ ಮಾತ್ರೆಯ ಹಾಳೆ ಇತ್ತು. ಬಿಳಿಯವು ಒಂದು ಸಾಲು, ಬಣ್ಣದವು ಒಂದು ಸಾಲು. ಅದನ್ನು ಮುಟ್ಟದೆ ಎರಡು ವಾರದ ಮೇಲಾಗಿತ್ತು. ನುಂಗಿದರೆ ಈ ಕೆಂಡವಿಲ್ಲ. ಆದರೆ ನುಂಗಿದರೆ ದೀಪವಿಲ್ಲ. ಇವತ್ತು ಶುಕ್ರವಾರ. ಬರುವ ವಾರ ಮನೆದೈವ ಅಮ್ಮನ ವರ್ಷದ ಪೂಜೆ. ಅದಕ್ಕೆ ಮೊದಲು ಮಾತು ಮುಗಿಯಬೇಕು, ಇವತ್ತು ದೀಪದ ಹೊತ್ತಿಗೆ ನಾಲ್ಕು ಜನರ ಎದುರು ಹೇಳು, ಎಂದಿದ್ದ ಅಣ್ಣ ಕರಿಯ. ಆಪರೇಶನ್ನೊ, ದೀಪ ಬಿಡುವುದೊ.

ಆ ದೀಪದ ಕಥೆ ಅವರ ಮನೆಯ ಮಕ್ಕಳ ಬಾಯಿಗೆ ಅನ್ನ ಬೀಳುವ ಮೊದಲೇ ಕಿವಿಗೆ ಬಿದ್ದಿರುತ್ತದೆ. ಒಂದಾನೊಂದು ಕಾಲದಲ್ಲಿ ಮನೆಯ ಗಂಡಸರೆಲ್ಲ ದೋಣಿ ಕಟ್ಟಿಕೊಂಡು ಕಡಲಿಗೆ ಹೋದರಂತೆ. ಹೋದಾಗ ಕನ್ನಡಿಯಂತಿದ್ದ ಕಡಲು ಬರುವಾಗ ಎದ್ದು ನಿಂತಿತಂತೆ. ಅಳಿವೆಯ ಬಾಯಿ ಎಲ್ಲಿ, ಬಂಡೆ ಎಲ್ಲಿ ಒಂದೂ ಕಾಣದು. ಮನೆಯಲ್ಲಿದ್ದದ್ದು ಒಬ್ಬಳು ಮುದುಕಿ ಮತ್ತು ದೈವದ ಕೋಣೆಯಲ್ಲಿ ಮನೆದೈವ ಚಿಕ್ಕು ಅಮ್ಮನ ಮುಂದೆ ಉರಿಯುವ ಒಂದು ದೀಪ. ಮುದುಕಿ ಆ ದೀಪವನ್ನು ಸೆರಗಿನಲ್ಲಿ ಮರೆಮಾಡಿ ಹೊಳೆಬದಿಗೆ ತಂದು, ಎತ್ತಿ ಹಿಡಿದು ನಿಂತಳು. ಗಾಳಿ ಅವಳನ್ನು ದೂಡಿತು, ದೀಪವನ್ನು ಮುಟ್ಟಲಿಲ್ಲ. ದೋಣಿಗಳು ಒಂದರ ಹಿಂದೆ ಒಂದು ಬೆಳಕು ಹಿಡಿದು ಬಂದವು. ಕೈ ಸುಡಲಿಲ್ಲವೇ ಅಜ್ಜೀ ಎಂದು ಕೇಳಿದ್ದಕ್ಕೆ, ಹಿಡಿದವಳು ನಾನಲ್ಲ ಮಕ್ಕಳೇ, ಚಿಕ್ಕು, ಎಂದಳಂತೆ. ಅಂದಿನಿಂದ ಆ ಮನೆಯಲ್ಲಿ ಅಮ್ಮನ ದೀಪಕ್ಕೆ ಗಂಡಸಿನ ಕೈ ಇಲ್ಲ, ಹೆಂಗಸೇ ಹಚ್ಚಬೇಕು. ಅದೂ ಮುಟ್ಟು ನಿಂತ ಹೆಂಗಸು. ಕಥೆಯಲ್ಲಿ ಇದ್ದದ್ದು ಮುದುಕಿ ಎಂಬ ಒಂದು ಮಾತು. ಮುದುಕಿ ಎಂದರೆ ಇದೇ ಅರ್ಥವೆಂದು ಯಾವ ಕಾಲದ ಯಾವ ಗಂಡಸು ಬಿಡಿಸಿ ಹೇಳಿದನೊ, ಆ ಗಾಳಿಯಲ್ಲಿ ಮುದುಕಿಯ ಹತ್ತಿರ ನಿಂತು ಕೇಳಿಬಂದವನ ಹಾಗೆ.

ಸಣ್ಣವಳಿದ್ದಾಗ ಗಿರಿಜಾ ದೈವದ ಕೋಣೆಯ ಹೊಸ್ತಿಲಿನ ಆಚೆ ಕೂತು ಹೆತ್ತಬ್ಬೆ ಸೀತುವಿನ ತಾಯಿ ಬತ್ತಿ ಹೊಸೆಯುವುದನ್ನು ನೋಡುತ್ತಿದ್ದಳು. ಮೈನೆರೆದ ಮೇಲೆ ಆ ಹೊಸ್ತಿಲೂ ದೂರವಾಯಿತು. ಮದುವೆಯಾದಳು, ಮೂರು ಹೆತ್ತಳು, ಬುಟ್ಟಿ ಹೊತ್ತಳು. ಆದರೂ ಒಂದು ದಿನ ಆ ದೀಪ ತನ್ನ ಕೈಗೆ ಬರುತ್ತದೆ ಎನ್ನುವುದನ್ನು, ಬೇರೆ ಹೆಂಗಸರು ಬಂಗಾರದ ಸರವನ್ನು ಕಾಯುವಂತೆ ಮನಸ್ಸಿನಲ್ಲೇ ಕಾದಳು. ಅವರದು ಹೆಣ್ಣಿನ ಕಡೆಯಿಂದ ಬಳಿ, ಅಂದರೆ ಕುಲ, ಎಣಿಸುವ ಜನ. ಗಂಡ ಕುಷ್ಟ ಬ್ರಹ್ಮಾವರದ ಆಚೆಯವ, ಮೀನುಗಾರಿಕೆಗೆಂದು ಬಂದು ಇಲ್ಲೇ ನಿಂತವ. ತವರಿನ ದೈವ ಅವಳದ್ದೇ, ಅಬ್ಬೆಯ ನಂತರ ದೀಪವೂ ಅವಳದ್ದೇ. ತನ್ನ ಮುಟ್ಟು ನಿಂತಾಗ ಅಪ್ಪಿ ಕಟ್ಟೆಯ ಮೇಲೆ ಕೂತು, ಇನ್ ನಾವ್ ಒಣ್‌ಮೀನ್ ಸೈ, ಎಂದು ಅತ್ತಿದ್ದಳು. ಗಿರಿಜಾ ಮಾತ್ರ ತನ್ನದು ನಿಂತಾಗ ಒಳಗೊಳಗೇ ಹಬ್ಬ ಮಾಡಿದಳು. ಕಣ್ಣಿಗೆ ಪೊರೆ ಬಂದ ಅಬ್ಬೆ ತಡವರಿಸುತ್ತ ಎಣ್ಣೆಯ ಗಿಂಡಿಯನ್ನು ಅವಳ ಕೈಗೆ ಕೊಟ್ಟು, "ಬತ್ತಿ ಸಣ್ಣ ಮಾಡ್ ಹೆಣೆ, ಅಮ್ಮಂಗೆ ಹೊಗಿ ಆತಿಲ್ಲೆ," ಎಂದಳು. ಅಷ್ಟೇ ಉಪದೇಶ. ಅಂದಿನಿಂದ ದಿನದಲ್ಲಿ ಒಂದು ಚೂರು ಹೊತ್ತು ಅವಳನ್ನು ಯಾರೂ ಕರೆಯುತ್ತಿರಲಿಲ್ಲ, ಯಾರೂ ಚೌಕಾಸಿ ಮಾಡುತ್ತಿರಲಿಲ್ಲ. ಬೆಳಕು ಚಿಕ್ಕುವಿನ ಹಿತ್ತಾಳೆಯ ಮುಖದ ಮೇಲೆ ಹರಡುವುದನ್ನು ನೋಡುತ್ತ ಅವಳು ಏನನ್ನೂ ಬೇಡದೆ ಕೂತಿರುತ್ತಿದ್ದಳು. ಬೇಡಿಕೊಳ್ಳಲು ಎಷ್ಟೋ ಇತ್ತು, ಆದರೆ ಅಲ್ಲಿ ಕೂತಾಗ ಒಂದೂ ನೆನಪಾಗುತ್ತಿರಲಿಲ್ಲ.

ಅಬ್ಬೆಯ ಮೈಮೇಲೆ ಅಮ್ಮನ ದರ್ಶನ ಬರುತ್ತಿದ್ದದ್ದೂ ಆ ಕೋಣೆಯ ಬಾಗಿಲಲ್ಲೇ. ಗಿರಿಜಾಳ ಮೊದಲ ಮಗು ಮೊಲೆ ಕುಡಿಯುತ್ತಿದ್ದ ಕಾಲ. ಅಬ್ಬೆಯ ಕೈಗೆ ಆಗಷ್ಟೇ ದೀಪ ಬಂದಿತ್ತು. ಶುಕ್ರವಾರ ಸಂಜೆ ಗಿಂಡಿ ಹಿಡಿದು ನಿಂತವಳ ಮೈ ನಡುಗಿ, ಮುಖ ಕೆಂಪಾಗಿ, ನೀರು ಹೊಯ್ದ ಹಾಗೆ ಬೆವರಿ, ಕೂದಲು ಬಿಚ್ಚಿ ಬೀಳುತ್ತಿತ್ತು. ಸೋದರಮಾವಂದಿರು ಹೆಗಲಿನ ಬೈರಾಸು ಸೊಂಟಕ್ಕೆ ಕಟ್ಟಿ ಕೈ ಮುಗಿಯುತ್ತಿದ್ದರು. ಕರಿಯನನ್ನು ಬೊಂಬಾಯಿ ಹೋಟೆಲಿಗೆ ಕಳಿಸಬಾರದು ಎಂದು ಅಮ್ಮ ಹೇಳಿದಳು, ಕಳಿಸಲಿಲ್ಲ. ಹಿತ್ತಿಲಿನ ತೆಂಗಿನಮರ ಮಾರಬಾರದು ಎಂದಳು, ಮಾರಲಿಲ್ಲ. ಉಳಿದ ದಿನಗಳಲ್ಲಿ ಸೀತು ಹೇಳಿದ ಮಾತಿಗೆ ಆ ಮನೆಯ ಬೆಕ್ಕೂ ತಿರುಗಿ ನೋಡುತ್ತಿರಲಿಲ್ಲ. ಕೆಲವು ವರ್ಷ ಹಾಗೆ ಬಂದು, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ದರ್ಶನ ನಿಂತಿತು. ಯಾಕೆ ನಿಂತಿತೆಂದು ಯಾರೂ ಕೇಳಲಿಲ್ಲ.

ದೀಪ ಕೈಗೆ ಬಂದ ವರ್ಷವೇ ಗಿರಿಜಾಳಿಗೆ ಕೆಂಡ ಬೀಳಲು ಶುರುವಾಗಿತ್ತು. ಹಗಲು ಹೇಗೋ ಹೋಗುತ್ತಿತ್ತು. ಮಲಗಿದರೆ ಚಾಪೆ ಒದ್ದೆ, ಎದ್ದರೆ ಎದೆಯಲ್ಲಿ ಚೆಂಡೆ. ಕುಷ್ಟ ಗಂಜಿಗೆ ಉಪ್ಪು ಕೇಳಿದರೆ ಸಾಕು, ಅವನ ತಲೆಯ ಮೇಲೆ ಮರಿಗೆ ಎತ್ತಿ ಹಾಕಬೇಕು ಅನಿಸುತ್ತಿತ್ತು. ಒಮ್ಮೆ ಒಬ್ಬಳು ಬಸುರಿ ಹುಡುಗಿ ಬಂಗುಡೆಗೆ ಚೌಕಾಸಿ ಮಾಡಿದಳೆಂದು ಕಟ್ಟೆಯ ಮೇಲೆಯೇ ಗಳಗಳ ಅತ್ತುಬಿಟ್ಟಳು. ತನ್ನನ್ನು ತಾನೇ ಕಂಡು ಹೆದರಿ ಕುಂದಾಪುರದ ಬಸ್ಸು ಹತ್ತಿದಳು. ಡಾಕ್ಟ್ರಮ್ಮ ಸ್ನೇಹಲತಾ ಅವರ ಬಾಗಿಲಲ್ಲಿ ಬಸುರಿಯರ ಸಾಲು. ನಡುವೆ ಇವಳು, ಯಾರ ಅಜ್ಜಿ ನೀವು ಎಂದು ಕೇಳಿಸಿಕೊಳ್ಳುತ್ತ. ಒಳಗೆ ಹೋದಾಗ ಡಾಕ್ಟ್ರಮ್ಮ ಫ್ಯಾನನ್ನು ಇನ್ನೊಂದು ಸುತ್ತು ಜೋರು ಮಾಡಿದರು. ಮಿಂದು ಬಂದಿದ್ದಳು, ಆದರೆ ಮೀನಿನ ವಾಸನೆ ಮೂವತ್ತು ವರ್ಷದ್ದು. ವಯಸ್ಸೆಷ್ಟು, ಮಕ್ಕಳೆಷ್ಟು, ನಿಂತು ಎಷ್ಟಾಯಿತು. "ಮೈಯಲ್ಲಿ ಹಾರ್ಮೋನು ಇಳಿದಿದೆ. ಹೊರಗಿನಿಂದ ತುಂಬಿಸಿಕೊಡುತ್ತೇನೆ. ಮೊದಲು ಬಿಳಿಯದು, ಆಮೇಲೆ ಬಣ್ಣದ್ದು. ಒಂದು ದಿನವೂ ತಪ್ಪಿಸಬೇಡಿ." ಇಷ್ಟೇ ಅವರು ಹೇಳಿದ್ದು. ಇಷ್ಟೇ ಎನ್ನುವುದನ್ನು ಗಿರಿಜಾ ಆಮೇಲೆ ನೂರು ಸಲ ಮನಸ್ಸಿನಲ್ಲಿ ಹಿಂಡಿ ನೋಡಿದ್ದಾಳೆ. ಇನ್ನೊಂದು ಮಾತು ಅದರಿಂದ ಬೀಳಲಿಲ್ಲ.

ಮಾತ್ರೆ ಒಳ್ಳೆಯದು ಮಾಡಲಿಲ್ಲ ಎಂದರೆ ನಾಲಿಗೆಗೆ ಹುಳ ಬಿದ್ದೀತು. ದಾರಿ ತಪ್ಪಿ ಕಾಡು ಸೇರಿದ್ದ ದನ ಒಂದು ಸಂಜೆ ತಾನಾಗಿ ಹಟ್ಟಿಗೆ ಬಂದು ನಿಂತ ಹಾಗೆ ನಿದ್ದೆ ಬಂತು. ಕುಷ್ಟ ಉಪ್ಪು ಕೇಳಿದರೆ ಉಪ್ಪು ಕೊಟ್ಟಳು. ಕಟ್ಟೆಯ ಮೇಲೆ ಅಪ್ಪಿಯ ಒಂದು ಮಾತಿಗೆ ಎರಡು ಮಾತು ಹೇಳಿದಳು. ದೀಪದ ಮುಂದೆ ಕೂತರೆ ಮನಸ್ಸು ಎಣ್ಣೆಯ ಹಾಗೆ ನಿಲ್ಲುತ್ತಿತ್ತು. ಅಮ್ಮನ ಕೃಪೆ ಮಾತ್ರೆಯ ರೂಪದಲ್ಲಿ ಬಂತು ಎಂದೇ ಅವಳು ಕೈ ಮುಗಿದದ್ದು. ಮೊದಲ ಹಾಳೆ ಮುಗಿದ ಹೊತ್ತಿನ ಒಂದು ಸಂಜೆ, ದೀಪ ಹಚ್ಚಿ, ಹೂವು ಇಟ್ಟು, ಪ್ರದಕ್ಷಿಣೆ ಬಂದು, ಬಚ್ಚಲಿಗೆ ಹೋದವಳು ಒಳಲಂಗದ ಮೇಲೆ ಕೆಂಪು ಕಲೆ ಕಂಡಳು. ಒಂದು ಹೆದರಿಕೆ ರೋಗದ್ದು, ಇನ್ನೊಂದು ಅಮ್ಮನದ್ದು. ರೋಗ ಸಣ್ಣದಾಗಿ ಕಂಡಿತು. ಯಾವಾಗ ಶುರುವಾಯಿತು? ಮೊದಲೊ, ಗಿಂಡಿ ಹಿಡಿದಾಗಲೊ, ಹಣೆ ನೆಲಕ್ಕೆ ಹಚ್ಚಿದಾಗಲೊ? ಬಚ್ಚಲ ಕಲ್ಲಿನ ಮೇಲೆ ಕೂತು ಅವಳು ಕ್ಷಣವನ್ನು ಹುಡುಕಿದಳು, ಸಿಕ್ಕಿದರೆ ಅದರ ಕಾಲು ಹಿಡಿಯಬಹುದೇನೊ ಎಂಬಂತೆ. ಅದೇ ವಾರ ಕರಿಯನ ಬಲೆ ಬಂಡೆಗೆ ಸಿಕ್ಕಿ ಹರಿದು ಬಂತು. ಬಲೆ ಪ್ರತಿ ವರ್ಷವೂ ಹರಿಯುತ್ತದೆ. ಈ ಸಲ ಹರಿದದ್ದು ತಾನು ಎಂದು ಅವಳಿಗೆ ಅನಿಸಿತು. ತಡೆಯಲಾರದೆ ಗಂಡನ ಹತ್ತಿರ ಹೇಳಿಕೊಂಡಳು. ಕುಷ್ಟ ಎಲ್ಲವನ್ನೂ ಕೇಳಿ, ಆಯ್ತ್ ಮಲ್ಕೊ, ಎಂದ. ಮರುದಿನ ಬಲೆ ನೇಯುತ್ತ ಕೂತಾಗ ಭಾವ ಕರಿಯನಿಗೆ ಹೇಳಿದ. ಮುಚ್ಚಿಡುವ ಕೆಟ್ಟ ಬುದ್ಧಿ ಅವನಿಗಿಲ್ಲ ಎಂದು ಊರೇ ಹೊಗಳುತ್ತದೆ.

ಡಾಕ್ಟ್ರಮ್ಮನ ಹತ್ತಿರ ಮತ್ತೆ ಹೋದಳು.

"ಅದು ಬರಲೇಬೇಕಲ್ಲ," ಎಂದರು ಅವರು. "ಹಾಳೆ ಮುಗಿದಾಗಲೆಲ್ಲ ಬರುತ್ತದೆ. ಮಾತ್ರೆಯ ಗುಣವೇ ಹಾಗೆ. ಹೇಳಿದ್ದೆನಲ್ಲ?"

"ಹೇಳ್ಳಿಲ್ಲೆ."

"ಹೇಳಿರುತ್ತೇನೆ. ನಿಮಗೆ ಮರೆತಿರಬೇಕು. ಈ ವಯಸ್ಸಿಗೆ ಮರೆವು ಸಹಜ."

ಗಿರಿಜಾ, "ದೀಪ ಹಚ್ಚುಕಿತ್ತ್ ಅಮ್ಮ," ಎಂದಳು. ಯಾವ ದೀಪ ಎಂದು ಕೇಳಿದ್ದಕ್ಕೆ ಹೇಳಿದಳು. ಹೇಳುವಾಗಲೇ ಆ ಬಿಳಿ ಗೋಡೆಯ ಕೋಣೆಯಲ್ಲಿ ಚಿಕ್ಕುವೂ ಮುದುಕಿಯೂ ಕಡಲೂ ಸಣ್ಣ ಮಕ್ಕಳ ಆಟದ ಸಾಮಾನಿನ ಹಾಗೆ ಆಗಿಬಿಟ್ಟವು. ಡಾಕ್ಟ್ರಮ್ಮ ಕೆಟ್ಟ ನಗು ನಗಲಿಲ್ಲ. ಮಗುವಿನ ಮಾತಿಗೆ ನಗುವ ಹಾಗೆ ನಕ್ಕರು. "ಅಷ್ಟು ತೊಂದರೆಯಾದರೆ ಗರ್ಭಕೋಶ ತೆಗೆದುಬಿಡೋಣ. ಮಕ್ಕಳಾಗಿವೆಯಲ್ಲ, ಇನ್ನೇನು ಕೆಲಸ ಅದಕ್ಕೆ? ಆಮೇಲೆ ಒಂದೇ ಬಗೆಯ ಮಾತ್ರೆ, ಈ ರಗಳೆಯೇ ಇಲ್ಲ."

"ಅದ್ರಗೆ ಎಂತಾರೂ ಹಾಳಾಯಿತ್ತಾ?"

"ಇಲ್ಲ ಇಲ್ಲ. ಚೆನ್ನಾಗಿಯೇ ಇದೆ."

ಬಸ್ಸಿನಲ್ಲಿ ಬರುವಾಗ ಆ ಮಾತು ಅವಳ ಮಡಿಲಲ್ಲಿ ಕೂತಿತ್ತು. ಚೆನ್ನಾಗಿಯೇ ಇದೆ, ತೆಗೆದುಬಿಡೋಣ. ಮನೆಗೆ ಬಂದರೆ ಜಗಲಿಯಲ್ಲಿ ಕರಿಯ ಚಾ ಕುಡಿಯುತ್ತಿದ್ದ. ಪಕ್ಕದಲ್ಲಿ ಕುಷ್ಟ. ಕರಿಯ ಕೆಟ್ಟವನಲ್ಲ. ಹೊಳೆ ದಾಟುವಾಗ ಅವಳನ್ನು ಹೆಗಲ ಮೇಲೆ ಹೊತ್ತವ, ಅವಳ ಮದುವೆಗೆ ಕಿವಿಯ ಒಂಟಿ ಮಾರಿದವ. ಅವನು ಕಣ್ಣು ನೆಲಕ್ಕೆ ಹಾಕಿಕೊಂಡೇ ಮಾತಾಡಿದ.

"ಕೂಕೊ ಗಿರ್ಜಾ. ಕುಷ್ಟ ಹೇಳ್ದ. ನಾಚ್ಕಿ ಮಾಡ್ಬೇಡ, ಅಮ್ಮನ ಕೆಲ್ಸ, ಹೇಳ್ದೆ ಆಪುದಿಲ್ಲೆ. ಕುಂದಾಪ್ರದಗೆ ಅದನ್ನ ತೆಗುಸ್ಕಂಬ್ಕ್ ಆತ್ತಂಬ್ರಲೆ. ತೆಗುಸ್ಕೊ. ಮಕ್ಳ್ ಆಯ್ತ್, ಮೊಮ್ಮಕ್ಳ್ ಆತ್ತ್, ಇನ್ ಎಂತಕೆ ಅದ್? ಮತ್ತೆ ದೀಪಕ್ಕೆ ಯಾರದ್ದೂ ತಕರಾರಿಲ್ಲೆ."

ಒಂದೇ ದಿನದಲ್ಲಿ ಎರಡು ಬಾಯಿಂದ ಅದೇ ಮಾತು. ಒಬ್ಬಳು ದೈವವನ್ನು ನಂಬದವಳು, ಒಬ್ಬ ದೈವವಲ್ಲದೆ ಬೇರೇನನ್ನೂ ನಂಬದವನು. ಲೋಕದ ಯಾವ ವಿಷಯದಲ್ಲೂ ಕೂಡದ ಇಬ್ಬರು ಅವಳ ಹೊಟ್ಟೆಯ ವಿಷಯದಲ್ಲಿ ಎಷ್ಟು ಸಲೀಸಾಗಿ ಕೂಡಿದರು. ಅವಳು ಕುಷ್ಟನನ್ನು ನೋಡಿದಳು. ಅವನು ಚಾದ ಗ್ಲಾಸಿನ ತಳದಲ್ಲಿ ಏನೊ ಬಿದ್ದಿರುವ ಹಾಗೆ ಅದರೊಳಗೇ ನೋಡುತ್ತಿದ್ದ.

"ಮಾತ್ರೆ ಬಿಡ್ತೆ," ಎಂದಳು.

"ಬಿಟ್ರೆ ಒಳ್ಳೇದೇ. ಆರೆ ಬಿಟ್ಟಿದಿಯೊ ಇಲ್ಯೊ ನಮ್ಗ್ ಹ್ಯಾಂಗ್ ಗೊತ್ತಾತ್ತ್? ಅಮ್ಮನ ಪೂಜಿ ವರಿಗ್ ನೀ ದೀಪಕ್ ಹೋಪತಿಗೆ ಒಂದ್ ಮಾತ್ ಹೇಳಿ ಹೋಯ್ಕ್, ಒಳಗೊ ಹೊರಗೊ ಅಂತ."

"ಅಬ್ಬೆ ಹತ್ರ ಯಾರಾರೂ ಕೇಂಡಿದ್ರಾ ಅಣ್ಣ?"

"ಅಬ್ಬೆ ಮಾತ್ರೆ ತಿಂತಿರ್ಲಿಲ್ಲೆ."

ಅಂದಿನಿಂದ ಪ್ರತಿ ಸಂಜೆ, ಶಾಲೆಯ ಮಕ್ಕಳು ಹಾಜರಿ ಹೇಳುವ ಹಾಗೆ, ಅವಳು ಜಗಲಿ ದಾಟುವಾಗ ನಿಂತು "ಒಳಗೆ", ಅಂದರೆ ಮುಟ್ಟಾಗಿಲ್ಲ, ಎಂದು ಹೇಳಿ ಹೋಗುತ್ತಿದ್ದಳು. ಕರಿಯ ತಲೆಯಾಡಿಸುತ್ತಿದ್ದ. ಮೊಮ್ಮಕ್ಕಳ ವಯಸ್ಸಿನ ಹುಡುಗರು ತೆಂಗಿನಕಟ್ಟೆಯ ಹತ್ತಿರ ನಿಂತು ಕೇಳಿಸಿಕೊಳ್ಳುತ್ತಿದ್ದರು. ಮಾತ್ರೆ ಬಿಟ್ಟದ್ದಕ್ಕೆ ಕೆಂಡ ತಿರುಗಿ ಬಂತು, ನಿದ್ದೆ ತಿರುಗಿ ಕಾಡಿಗೆ ಹೋಯಿತು. ದೀಪದ ಮುಂದೆ ಕೂತರೂ ಮೊದಲಿನ ಹಾಗೆ ಕೂರಲಾಗುತ್ತಿರಲಿಲ್ಲ. ಆ ಒಂದು ಮಾತು ಹೇಳಿ ಬಂದ ನಾಲಿಗೆ ಬಾಯೊಳಗೆ ಬೇರೆಯವರದ್ದಿರುವ ಹಾಗೆ ಇರುತ್ತಿತ್ತು.

ಬಂಗುಡೆ ಅರ್ಧ ಉಳಿದಿತ್ತು. ಅದನ್ನು ಅಪ್ಪಿಯ ಬುಟ್ಟಿಗೆ ಸುರಿದು ಗಿರಿಜಾ ಎದ್ದಳು. "ಎಲ್ಲಿಗೆ ಸವಾರಿ?" ಎಂದಳು ಅಪ್ಪಿ. "ಹೇಳುಕೆ," ಎಂದಳು. "ಎಂತ ಹೇಳುಕೆ?" ಅದು ಅವಳಿಗೇ ಗೊತ್ತಿರಲಿಲ್ಲ. ಅಪ್ಪಿ ಅವಳ ಮುಖವನ್ನು ಒಂದು ಗಳಿಗೆ ನೋಡಿ, ಈ ಸಲ ತಮಾಷೆ ಮಾಡದೆ, ಮೀನಿನ ಕೈಯಲ್ಲೇ ಅವಳ ಬೆನ್ನಿಗೆ ಅಂಟಿದ ರವಿಕೆಯನ್ನು ಎಳೆದು ಬಿಡಿಸಿ ಗಾಳಿ ಹೋಗುವ ಹಾಗೆ ಮಾಡಿದಳು. ಮಣ್ಣಿನ ದಾರಿಯ ಎರಡೂ ಕಡೆ ಸೇವಂತಿಗೆ ಗದ್ದೆಗಳು ಹಳದಿ ಹಾಸಿಕೊಂಡಿದ್ದವು. ಅಮ್ಮನಿಗೆಂದು ಒಂದು ಮಾಲೆಗಾಗುವಷ್ಟು ಕೊಂಡು ಮಡಿಲಲ್ಲಿ ಹಾಕಿಕೊಂಡಳು. ಬ್ರಹ್ಮಾವರದ ಆಚೆ, ಕುಷ್ಟನ ಅಬ್ಬೆಯ ಮನೆಯಲ್ಲಿ, ಮದುವೆಯಾದ ಮೊದಲ ವರ್ಷ ಇದೇ ಚಳಿಯ ಕೊನೆಗೆ ಅತ್ತೆ ತುಳಸಿಕಟ್ಟೆಯ ಬುಡದ ನೆಲಕ್ಕೆ ಎಣ್ಣೆ ಹೊಯ್ದು, ಸೀಗೆಪುಡಿ ಇಟ್ಟು, ಭೂಮಿತಾಯಿ ಹೊರಗಾಗಿದ್ದಳು, ಇವತ್ತು ಮೀಯುತ್ತಾಳೆ, ಎಂದದ್ದು ನೆನಪಾಯಿತು. ಆ ಮೂರು ದಿನ ಗದ್ದೆಗೆ ನೇಗಿಲು ಇಳಿಸಬಾರದು, ಅವಳಿಗೆ ನೋವಾಗುತ್ತದೆ. ಮದುಮಗಳಾಗಿದ್ದ ಗಿರಿಜಾಳಿಗೆ ಆಗ ಅದು ಚಂದದ ಆಟದಂತೆ ಕಂಡಿತ್ತು. ಈಗ ನಡೆಯುತ್ತ, ನೆಲಕ್ಕೆ ನೋವಾಗುತ್ತದೆ ಎಂದು ನೇಗಿಲು ಎತ್ತಿಟ್ಟ ಜನ, ಎಂದುಕೊಂಡಳು. ಬಳಿ ಯಾವುದು ಎಂದು ಕೇಳಿದರೆ ಅಬ್ಬೆಯ ಬಳಿಯನ್ನೇ ಹೇಳುವ ಜನ. ಕರಿಯನಿಗೆ ಈ ಮನೆ, ಈ ದೈವ, ಈ ಯಜಮಾನಿಕೆ ಬಂದದ್ದು ಅಬ್ಬೆಯ ಹೊಟ್ಟೆಯಿಂದ. ಇಡೀ ಮನೆ ಒಂದು ಗರ್ಭದಿಂದ ಇನ್ನೊಂದು ಗರ್ಭಕ್ಕೆ ಕೈದಾಟಿ ಬಂದದ್ದು. ಕೆಲಸ ಮುಗಿದ ಮೇಲೆ, ಇನ್ ಎಂತಕೆ ಅದ್.

ಮಿಂದು, ಕೂದಲು ಒಣಗಲೆಂದು ಬಿಟ್ಟು, ಎಣ್ಣೆಯ ಗಿಂಡಿಯನ್ನೂ ಹೂವನ್ನೂ ಹಿಡಿದು ಅವಳು ಜಗಲಿಗೆ ಬಂದಾಗ ಹೊತ್ತು ಹೊಳೆಯ ಮೇಲೆ ಕೆಂಪಾಗಿತ್ತು. ಕರಿಯ ದೈವದ ಕೋಣೆಯ ಬಾಗಿಲ ಪಕ್ಕದಲ್ಲಿ ಕೂತಿದ್ದ. ಬಳಿಯ ಇಬ್ಬರು ಹಿರಿಯರು ಬಂದಿದ್ದರು. ಕುಷ್ಟ ಕಂಬಕ್ಕೆ ಒರಗಿದ್ದ. ಬಾಗಿಲಿನ ಈಚೆ ಚಾಪೆಯಲ್ಲಿ ಅಬ್ಬೆ, ಮಸುಕು ಕಣ್ಣನ್ನು ಯಾರ ಮೇಲೂ ಇಡದೆ.

"ದೀಪದ್ ಹೊತ್ತಾಯ್ತ್," ಎಂದ ಕರಿಯ. "ಮೊದ್ಲ್ ಹೇಳ್, ಒಳಗೊ, ಹೊರಗೊ? ಮತ್ತೆ ಆಪರೇಶನ್ ಮಾತ್ ಮಾಡ್ವ."

ಒಳಗೆ. ಅದು ನಿಜವೇ ಆಗಿತ್ತು. ಹೇಳಿದ್ದರೆ ಬಾಗಿಲು ತೆರೆಯುತ್ತಿತ್ತು. ಮಾತು ನಾಲಿಗೆಯ ತುದಿಯವರೆಗೆ ಬಂದು, ಅಲ್ಲಿ ಕೂತುಬಿಟ್ಟಿತು; ಏಳಲೊಲ್ಲೆ ಎಂದಿತು. ನಿಜವನ್ನೇ ಹೇಳಲು ಇಷ್ಟು ಅವಮಾನವಾಗಬಹುದೆಂದು ಅವಳಿಗೆ ತಿಳಿದಿರಲಿಲ್ಲ.

"ಗಿರ್ಜಾ, ಕೇಂತಿಲ್ಯಾ? ಒಳಗೊ ಹೊರಗೊ?"

ಹಿರಿಯರಲ್ಲಿ ಒಬ್ಬರು ಕೆಮ್ಮಿದರು. ಆಗ ಕೆಂಡ ಬಿತ್ತು. ಬೆಳಿಗ್ಗೆ ಕಟ್ಟೆಯ ಮೇಲೆ ಬಿದ್ದದ್ದು ಅದರ ಮುಂದೆ ಕಿಡಿ. ಎದೆಯಿಂದ ಕುತ್ತಿಗೆಗೆ, ಕಿವಿಗೆ, ನೆತ್ತಿಗೆ ಒಂದೇ ಉಸಿರಿಗೆ ಏರಿತು. ಮುಖ ಉರಿದು, ಹಣೆಯಿಂದ ನೀರು ಸುರಿಯತೊಡಗಿತು. ಎದೆ ಚೆಂಡೆ ಬಡಿದು ಉಸಿರು ದೊಡ್ಡದಾಯಿತು. ಸಿಟ್ಟಿಗೊ ಬೆಂಕಿಗೊ ಕೈ ನಡುಗಿ ಗಿಂಡಿ ಬಳೆಗೆ ತಾಗಿ ಗಲಗಲ ಎಂದಿತು. ಒದ್ದೆ ಕೂದಲು ಮುಖಕ್ಕೆ ಬಿತ್ತು. ಕೈಯಲ್ಲಿದ್ದ ಸೇವಂತಿಗೆ ಒಂದೊಂದೇ ನೆಲಕ್ಕೆ ಉದುರಿತು.

ಅಬ್ಬೆ ತಲೆ ಎತ್ತಿದಳು. "ಕರಿಯಾ, ಏಳ್," ಎಂದಳು. "ಅಮ್ಮ ಬಂದ್ಲ್."

ಹಿರಿಯರು ದಡಕ್ಕನೆ ಎದ್ದರು. ಕರಿಯ ಎದ್ದು, ಹೆಗಲಿನ ಬೈರಾಸು ತೆಗೆದು ಸೊಂಟಕ್ಕೆ ಸುತ್ತಿ, ಎರಡೂ ಕೈ ಜೋಡಿಸಿ ಬಗ್ಗಿದ. ಅವನ ದನಿ ಹೊಳೆ ದಾಟಿಸುತ್ತಿದ್ದ ಹುಡುಗನ ದನಿಯಾಗಿತ್ತು. "ತಪ್ಪಾಯ್ತ್ ಅಮ್ಮ. ಮಕ್ಳ್ ನಾವ್, ಗೊತ್ತಾಗ್ಲಿಲ್ಲೆ. ಎಂತ ಅಪ್ಪಣಿ ಹೇಳ್, ನಡಿಸ್ತ್." ಕಂಬದ ಹತ್ತಿರ ಕುಷ್ಟನೂ ಕೈ ಮುಗಿದಿದ್ದ. ಮದುವೆಯ ದಿನ ಹಿರಿಯರಿಗೆ ಮುಗಿದಾಗ ಬಿಟ್ಟರೆ ಅವನ ಕೈಗಳು ಕೂಡಿದ್ದನ್ನು ಅವಳು ನೋಡಿರಲಿಲ್ಲ.

ಅಬ್ಬೆಯ ಕೈ ನೆಲದ ಮೇಲೆ ತಡವರಿಸುತ್ತ ಬಂದು ಅವಳ ಕಾಲಿನ ಗಂಟನ್ನು ಹಿಡಿದು ಒತ್ತಿತು. ನಮಸ್ಕಾರದ ಕೈಯಲ್ಲ ಅದು, ಹೆರಿಗೆಯ ಹೊತ್ತಿಗೆ ಹಿಡಿದುಕೊಳ್ಳುವ ಕೈ. "ಹೇಳ್," ಎಂದಳು ಅವಳಿಗೊಬ್ಬಳಿಗೇ ಕೇಳುವಂತೆ. "ಈಗ್ಳೇ ಹೇಳ್. ಈಗ ಹೇಳ್ರೆ ಕೇಂತ್ರ್."

ಆ ಹಿಡಿತದಲ್ಲಿ ಗಿರಿಜಾಳಿಗೆ ಎಷ್ಟೊ ವರ್ಷದ ಶುಕ್ರವಾರಗಳು ಒಟ್ಟಿಗೆ ಕಂಡವು. ಅಬ್ಬೆಯ ಕೆಂಪು ಮುಖ, ಸುರಿಯುವ ಬೆವರು, ಬಿಚ್ಚಿದ ಕೂದಲು. ಆಗ ಅಬ್ಬೆಗೆ ಈಗಿನ ತನ್ನದೇ ವಯಸ್ಸು. ಅಂದರೆ ಆಗಲೂ ಇದೇಯೆ? ಕೆಳಗೆ ನೋಡಿದಳು. ಪೊರೆ ಕವಿದ ಕಣ್ಣು ಏನನ್ನೂ ಹೇಳಲಿಲ್ಲ. ಅಮ್ಮ ಬೆವರಿನಲ್ಲಿ ಬರುವುದಿಲ್ಲ ಎಂದು ಹೇಳಲು ತಾನು ಯಾರು? ಅಬ್ಬೆಯ ಮೇಲೆ ಬಂದದ್ದು ಅಬ್ಬೆಗೂ ಅಮ್ಮನಿಗೂ ಗೊತ್ತು. ತನ್ನ ಮೇಲೆ ಬಂದದ್ದು ತನಗೆ ಗೊತ್ತು. ಬೆಳಿಗ್ಗೆ ಬಂಗುಡೆಯ ಬುಟ್ಟಿಗೆ ಬಿದ್ದ ಹನಿಯೇ ಇದು. ಒಂದು ಮಾತು ಸಾಕಿತ್ತು. ದೀಪ ಇವಳದ್ದೇ, ಯಾರೂ ಕೇಳಕೂಡದು, ಎಂದು ಗಂಟಲು ದಪ್ಪ ಮಾಡಿ ಹೇಳಿದ್ದರೆ ಸಾಯುವವರೆಗೆ ಯಾರೂ ಕೇಳುತ್ತಿರಲಿಲ್ಲ. ಅಮ್ಮನ ಹೆಸರಿನಲ್ಲಿ ಸುಳ್ಳಾಡಿದ ಬಾಯಿ ಹೊತ್ತುಕೊಂಡು ಅದೇ ದೀಪದ ಮುಂದೆ ಕೂರುವುದು ಹೇಗೆ? ತಡೆದದ್ದು ಆ ಹೆದರಿಕೆಯೊಂದೇ ಅಲ್ಲ. ಆ ಜೋಡಿಸಿದ ಕೈಗಳನ್ನು ನೋಡಿ ಸಿಟ್ಟು ತಿರುಗಿ ಏರಿತು. ಇದೇ ಮೈ, ಇದೇ ಬೆವರು. ಅಮ್ಮನದಾದರೆ ಬಗ್ಗುತ್ತಾರೆ; ಗಿರಿಜಾಳದಾದರೆ ಕೊಯ್ಯಿಸಿಕೊ ಎನ್ನುತ್ತಾರೆ.

ಅವಳು ಸೆರಗಿನಿಂದ ಮುಖ ಒರಸಿಕೊಂಡಳು. ಕೂದಲನ್ನು ಹಿಂದೆ ತಳ್ಳಿ ಗಂಟು ಹಾಕಿದಳು.

"ಅಮ್ಮ ಅಲ್ಲ ಅಣ್ಣ," ಎಂದಳು. ದನಿ ದಿನದ ದನಿಯೇ. "ನಾನ್. ಗಿರ್ಜಾ."

ಗಿಂಡಿಯನ್ನು ಸರಿಯಾಗಿ ಹಿಡಿದುಕೊಂಡು ಮುಂದುವರಿಸಿದಳು.

"ಮಾತ್ರೆ ಬಿಟ್ಟದ್ಕೆ ಬಪ್ಪು ಬೆವರ್ ಇದ್. ನಾಳೆಂದ ಮತ್ತೆ ತಿಂತೆ, ನಂಗೆ ನಿದ್ರಿ ಬೇಕ್. ಕೊಯ್ಸ್ಕಂಬುದಿಲ್ಲೆ. ಹೊರಗಾದ ದಿನ ನೀವ್ ಹೇಳ್ದೆ ನಾನೇ ಬಪ್ಪುದಿಲ್ಲೆ, ಅದ್ ನಂಗೂ ಅಮ್ಮಂಗೂ ಗೊತ್ತಿದ್ರೆ ಸಾಕ್. ಇನ್ ಯಾರೂ ಕೇಂಬುಕಾಗ."

ಕರಿಯ ಹಾಗೇ ನಿಂತಿದ್ದ. ಕೈ ಬಿಡಿಸಿದರೆ, ಒಂದು ವೇಳೆ ಅಮ್ಮನೇ ಪರೀಕ್ಷೆ ಮಾಡುತ್ತಿದ್ದರೆ? ಬಿಡಿಸದಿದ್ದರೆ, ಎದುರಿಗೆ ನಿಂತವಳು ತನ್ನ ತಂಗಿ, ತಾನೇ ಬಾಯಿಬಿಟ್ಟು ಹೇಳಿದ್ದಾಳೆ. ಜೋಡಿಸಿದ ಕೈಗಳು ಎದೆಯಿಂದ ಸ್ವಲ್ಪ ಕೆಳಗಿಳಿದು, ಹೊಟ್ಟೆಯ ಹತ್ತಿರ, ಎಲ್ಲಿಡಬೇಕೆಂದು ಮರೆತುಹೋದ ಸಾಮಾನಿನಂತೆ ನಿಂತವು.

"ದಾರಿ ಬಿಡ್ ಅಣ್ಣ. ಹೊತ್ತಾತ್ತ್."

ಅವನು ಒಂದು ಹೆಜ್ಜೆ ಪಕ್ಕಕ್ಕೆ ಸರಿದ. ಅಬ್ಬೆಯ ಕೈ ಅವಳ ಕಾಲಿನಿಂದ ಬೆರಳು ಬೆರಳಾಗಿ ಬಿಟ್ಟುಕೊಂಡಿತು. ಗಿರಿಜಾ ಬಗ್ಗಿ ಉದುರಿದ ಹೂವನ್ನೆಲ್ಲ ಹೆಕ್ಕಿಕೊಂಡಳು. ಯಾರೂ ಹೆಕ್ಕಿಕೊಡಲಿಲ್ಲ, ಯಾರೂ ತಡೆಯಲಿಲ್ಲ. ಹೊಸ್ತಿಲು ದಾಟಿದಳು. ಒಳಗೆ ತಂಪಿತ್ತು, ಬೆನ್ನಿನ ಬೆವರು ಆರತೊಡಗಿತು. ಬತ್ತಿಯನ್ನು ಸಣ್ಣ ಮಾಡಿ, ಎಣ್ಣೆ ಹೊಯ್ದು, ಕಡ್ಡಿ ಗೀರಿದಳು. ಬೆಳಕು ಚಿಕ್ಕುವಿನ ಮುಖದ ಮೇಲೆ ಮೆಲ್ಲಗೆ ಹರಡಿತು. ಅವಳು ಕಾಲು ಮಡಿಚಿ ಕೂತು ಕಿವಿಗೊಟ್ಟಳು. ಹೊರಗೆ ಜಗಲಿಯಲ್ಲಿ ಎದ್ದು ನಿಂತವರಲ್ಲಿ ಒಬ್ಬರೂ ಮತ್ತೆ ಕೂತ ಸದ್ದು ಕೇಳಿಸಲಿಲ್ಲ.